ಕೆಟ್ಟ ಬಿಲ್ಲೆಗಳನ್ನು ಸರಿಮಾಡಿದವರು

ಎಂಬತ್ತರ ದಶಕದ ಕೊನೆಯಲ್ಲಿ ಮಂಗಳೂರಿನ ಭೌತಶಾಸ್ತ್ರದ ಮೇಷ್ಟ್ರುಗಳಿಗೆಲ್ಲ ಒಂದೇ ಹುಚ್ಚು: ಅಯಸ್ಕಾಂತ ತೇಲಿಸುವುದು. ಹೊಸ ಸೂಪರ್ ಕಂಡಕ್ಟರಿನ ಕಪ್ಪು ಬಿಲ್ಲೆಯ ಮೇಲೆ, ದನದ ಆಸ್ಪತ್ರೆಯಿಂದ ಬೇಡಿ ತಂದ ದ್ರವ ಸಾರಜನಕ ಸುರಿದು ತಣಿಸಿದರೆ, ಅಯಸ್ಕಾಂತದ ಚೂರು ಗಾಳಿಯಲ್ಲಿ ನಿಲ್ಲುತ್ತದೆ. ನೋಡಿದವರು ಬಾಯಿ ಬಿಡುತ್ತಾರೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ವಿಜ್ಞಾನವೆಂದರೆ ಅಷ್ಟೇ. ಅವರದು ಕದ್ರಿಯ ದೊಡ್ಡ ಮನೆ, ಅಜ್ಜನ ಗದ್ದೆ, ಅಪ್ಪನ ಹೋಟೆಲು. ಮುಖ್ಯಸ್ಥರ ಕುರ್ಚಿಯೂ ಆಸ್ತಿಯ ಜೊತೆಗೇ ಪಾಲಿಗೆ ಬಂದಂತಿತ್ತು. ನಾನು ಹೊಳೆಯಾಚೆ ಬೆಂಗ್ರೆಯ ಬಲೆ ಬೀಸುವವರ ಮನೆಯಿಂದ ದಿನವೂ ದೋಣಿಯಲ್ಲಿ ದಾಟಿ ಬಂದು ಎಂ.ಎಸ್ಸಿ. ಮಾಡಿ, ಅಲ್ಲೇ ಡಾಕ್ಟರೇಟಿಗೆ ದುಡಿಯುತ್ತಿದ್ದವನು. ನನಗೆ ಯಾರೂ ಪಾಲು ಕೊಟ್ಟಿರಲಿಲ್ಲ.

ನನಗೆ ಬೇಕಾಗಿದ್ದದ್ದು ಅಯಸ್ಕಾಂತ ತೇಲಿಸದ ಬಿಲ್ಲೆ. ಬಿಲ್ಲೆಯಿಂದ ಆಮ್ಲಜನಕವನ್ನು ಹೊರಗೆಳೆದರೆ ಅದು ಸೂಪರ್ ಕಂಡಕ್ಟರ್ ಆಗಿ ಉಳಿಯುವುದಿಲ್ಲ. ಆಗ ಒಳಗಿನ ತಾಮ್ರದ ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ, ಒಂದು ಮೇಲೆ ಒಂದು ಕೆಳಗೆ ಮುಖ ಮಾಡಿ ಸಾಲುಗಟ್ಟುತ್ತವೆ. ಒಂದನ್ನೊಂದು ಅಳಿಸಿಹಾಕುವುದರಿಂದ ಹೊರಗೆ ಏನೂ ಕಾಣದು. ನ್ಯೂಟ್ರಾನಿಗೆ ಕಾಣುತ್ತದೆ, ತಾನೂ ಸಣ್ಣ ಅಯಸ್ಕಾಂತವೇ ಆದ ಅದು ಒಳಹೊಕ್ಕು, ಆ ಸಾಲಿಗೆ ತಕ್ಕ ಕೋನದಲ್ಲಿ ಚದುರಿ ಹೊರಬರುತ್ತದೆ. ಅದಕ್ಕಾಗಿ, ನ್ಯೂಟ್ರಾನುಗಳು ಸಿಗುವ ಬೊಂಬಾಯಿಯ ಅಣು ರಿಯಾಕ್ಟರಿನಲ್ಲಿ ಒಂದು ಸರದಿ ಪಡೆದಿದ್ದೆ. ನನ್ನ ಡಾಕ್ಟರೇಟು ಆ ಸರದಿಯನ್ನೇ ನಂಬಿತ್ತು.

ಹೊರಡುವ ವಾರ ಮುಖ್ಯಸ್ಥರು ಬಿಲ್ಲೆಗಳ ಡಬ್ಬ ಹಿಡಿದು ನಗುತ್ತ ಬಂದರು.

"ಎಂತ ಮಾರಾಯಾ, ಎಲ್ಲ ಠುಸ್ಸು ಮಾಲು! ಒಂದರಲ್ಲೂ ತೇಲ್ಲಿಲ್ಲ. ಬೊಂಬಾಯಿಯಲ್ಲಿ ಕಾಲೇಜಿನ ಮಾನ ತೆಗೀತಿದ್ದಿ. ನಾನೇ ಆಕ್ಸಿಜನ್ ಹಾಯಿಸಿ ಪುನಃ ಕಾಯಿಸಿದ್ದೇನೆ. ಈಗ ಫಸ್ಟ್ ಕ್ಲಾಸ್!"

"ಸರ್, ತೇಲಬಾರದು ಅಂತಲೇ ಮಾಡಿದ್ದು. ನಿಮಗೆ ಹೇಳಿದ್ದೆನಲ್ಲ?"

"ತೇಲಿಸದ ಸೂಪರ್ ಕಂಡಕ್ಟರ್ ಯಾರಿಗೆ ಬೇಕು? ನಿಮ್ಮ ಬೆಂಗ್ರೆಯಲ್ಲಿ ಮುಳುಗುವ ದೋಣಿ ಮಾಡ್ತಾರಾ?"

ಪಕ್ಕದಲ್ಲಿದ್ದ ಇಬ್ಬರು ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಅವರಿಗೂ ವಿಷಯ ಗೊತ್ತಿರಲಿಲ್ಲ, ಯಾವಾಗ ನಗಬೇಕೆಂಬುದು ಗೊತ್ತಿತ್ತು.

"ಫರ್ನೇಸು ಕೊಡಿ ಸರ್. ಆಕ್ಸಿಜನ್ ಪುನಃ ತೆಗೀತೇನೆ. ಸಮಯ ಉಂಟು."

"ಶನಿವಾರ ಆಡಳಿತ ಮಂಡಳಿಯವರು ಬರ್ತಾರೆ. ಅವರಿಗೆ ನೆನಪಿಗೆ ಒಂದೊಂದು ಬಿಲ್ಲೆ ಕೊಡಬೇಕು. ಫರ್ನೇಸು ಖಾಲಿ ಇಲ್ಲ."

ಸರದಿ ಬಿಡಲಾಗದೆ ಅವರು ಸರಿಮಾಡಿದ ಬಿಲ್ಲೆಗಳನ್ನೇ ಪುಡಿಮಾಡಿ ಒಯ್ದೆ. ಹರಳಿನ ಜೋಡಣೆ ಚೆನ್ನಾಗಿ ಕಂಡಿತು. ಅಯಸ್ಕಾಂತಗಳ ಸಾಲಿನ ಗುರುತೇ ಇರಲಿಲ್ಲ. ಆಮ್ಲಜನಕ ಮತ್ತೆ ಸೇರಿದ ಮೇಲೆ ಇರುವುದು ಸಾಧ್ಯವೂ ಇರಲಿಲ್ಲ. ಹಿಂದಿರುಗಿ ಹೇಳಿದಾಗ ಮುಖ್ಯಸ್ಥರು ಕುರ್ಚಿಗೆ ಒರಗಿ, "ಅದರಲ್ಲಿ ಎಂತದೂ ಇಲ್ಲ ಅಂತ ನನಗೆ ಮೊದಲೇ ಗೊತ್ತುಂಟು" ಎಂದರು.

ಡಾಕ್ಟರೇಟನ್ನು ನಾನು ಬೇರೆ ಊರಿನಲ್ಲಿ, ಬೇರೆಯವರ ಫರ್ನೇಸಿನಲ್ಲಿ ಮಾಡಿಕೊಂಡೆ.