ಬಿ-ಕಾಂಪ್ಲೆಕ್ಸ್ ಬಾಟ್ಲಿಯೊಳಗಿನ ಗುಳಿಗೆ

ಕಿಮೋ ಮುಗಿದ ಮೇಲೆ ನನಗೆ ಅಳು ಶುರುವಾಯಿತು. ಎದೆಯ ಆಪರೇಶನ್ ಆದಾಗ ಅತ್ತಿರಲಿಲ್ಲ, ಕೂದಲು ಉದುರಿದಾಗಲೂ ಅತ್ತಿರಲಿಲ್ಲ. ಈಗ ಕೂದಲು ಮತ್ತೆ ಹುಟ್ಟುತ್ತಿತ್ತು. ಗಂಟು ಮರಳದಂತೆ ದಿನಾ ಟ್ಯಾಮಾಕ್ಸಿಫೆನ್ ಗುಳಿಗೆ ತಗೊಂಡರೆ ಸಾಕು ಅಂತ ಕ್ಯಾನ್ಸರ್ ಡಾಕ್ಟರು ಹೇಳಿದ್ದರು. ಆದರೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತರೂ ಅಳು. ಊಟ ಬೇಡ, ಸ್ನಾನ ಬೇಡ. ಬದುಕೇ ಬೇಡ.

ಆ ಕೊನೆಯದಕ್ಕೆ ನಾನೇ ಹೆದರಿದೆ.

ಈ ಮರಾಠಿ ಶಹರದ ಕೊಂಢವಾ ಬಡಾವಣೆಯ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ, ಶಿವಾಜಿನಗರದ ಒಬ್ಬ ಮನೋವೈದ್ಯರ ಹತ್ತಿರ ಹೋದೆ. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಆಗ ಗಂಗಕ್ಕ ಇದ್ದರು, ನಮ್ಮವರ ಅಕ್ಕ. ಗಂಡ ತೀರಿ ವರ್ಷ ತುಂಬುವುದರೊಳಗೇ ನನ್ನ ಆರೈಕೆಗೆಂದು ವಿಜಾಪುರದಿಂದ ಬಂದು ರೊಟ್ಟಿ ಬಡಿದವರು. ಭಾಳ ಒಳ್ಳೆಯವರು, ಬಾಯಿ ಮಾತ್ರ ಜೋರು. ಮನೋವೈದ್ಯರ ಕಡೆ ಹೋದವರೆಲ್ಲ ಅವರ ಪಾಲಿಗೆ "ತಲಿ ಕೆಟ್ಟಾವ್ರು."

ಬೇರೆ ಔಷಧ ಏನಾದರೂ ಇದೆಯೇ ಎಂದು ಮನೋವೈದ್ಯರು ಕೇಳಿದರು. ಇಲ್ಲ ಅಂದೆ. ಕ್ಯಾನ್ಸರ್ ಅಂದರೆ ಗಂಡನನ್ನು ಕರೆದುಕೊಂಡು ಬಾ ಅಂದಾರು ಎಂಬ ಭಯ. ಮನೆಗೆ ಬಂದು ಅವರು ಕೊಟ್ಟ ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಖಾಲಿ ಬಿ-ಕಾಂಪ್ಲೆಕ್ಸ್ ಬಾಟ್ಲಿಗೆ ತುಂಬಿದೆ. ಎಂಥಾ ಶಾಣ್ಯಾಕಿ ನಾನು!

ಒಂದೂವರೆ ತಿಂಗಳಲ್ಲಿ ಅಳು ಕಡಿಮೆಯಾಯಿತು. ಸೊಪ್ಪು ಸೊಪ್ಪಿನ ಹಾಗೆ ಕಾಣತೊಡಗಿತು.

ಒಂದು ಬೆಳಿಗ್ಗೆ ಗಂಗಕ್ಕನಿಗೆ ವಾಂತಿ. ಕೈ ನಡುಗುತ್ತಿತ್ತು.

"ಅಕ್ಕಾ, ಏನ್ ತಿಂದಿ?" ಅಂತ ನಮ್ಮವರು ಗಾಬರಿಯಾದರು.

"ಏನ್ ತಿನ್ನಲಿ ತಮ್ಮಾ? ಮೊಣಕಾಲಾಗ ಶಕ್ತಿ ಇಲ್ಲಂತ ಶಾರದಾನ ತಾಕತ್ತಿನ ಗುಳಿಗಿ ತಗೊಂಡೀನಿ. ನಾಕ್ ದಿನಾ ಆತು, ಹೊತ್ತಿಗೆ ಎರಡು."

ನಮ್ಮ ಮನೆತನದಲ್ಲಿ ಒಬ್ಬರ ಗುಳಿಗೆ ಇನ್ನೊಬ್ಬರು ನುಂಗುವುದು ಉಪ್ಪಿನಕಾಯಿ ಹಂಚಿಕೊಂಡಷ್ಟು ಸಹಜ. ಅದು ನನಗೆ ಹೊಳೆದೇ ಇರಲಿಲ್ಲ. ಸುಮ್ಮನಿದ್ದರೆ ಗುಟ್ಟು ಉಳಿಯುತ್ತಿತ್ತು. ಆದರೆ ಗಂಗಕ್ಕನಿಗೆ ಏನಾದರೂ ಆದರೆ?

"ಅದು ತಾಕತ್ತಿನ ಗುಳಿಗಿ ಅಲ್ರಿ," ಅಂದೆ. "ನನ್ನ ಮನಸಿನ ಗುಳಿಗಿ."

ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ನೋಡಿ, ಗಂಗಕ್ಕನನ್ನು ಮನೆಗೆ ಕಳಿಸಿದರು. ಪುಣ್ಯ. ಮರುದಿನ ನಮ್ಮವರು ನನ್ನ ಔಷಧಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಆ ಬಾಟ್ಲಿಯನ್ನೂ ಸೇರಿಸಿ, ನನ್ನನ್ನು ಕ್ಯಾನ್ಸರ್ ಡಾಕ್ಟರ ಮುಂದೆ ಕೂರಿಸಿದರು.

"ಈ ಗುಳಿಗೆ ತಗೊಂಡದ್ದು ತಪ್ಪಲ್ಲ, ನಮಗೆ ಹೇಳದೇ ಇದ್ದದ್ದು ತಪ್ಪು," ಅಂದರು ಡಾಕ್ಟರು, ಮರಾಠಿಯಲ್ಲಿ. "ಇದು ಟ್ಯಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರಬಹುದು."

"ಹಾಗಾದರೆ ಇಷ್ಟು ದಿನ ಟ್ಯಾಮಾಕ್ಸಿಫೆನ್ ತಗೊಂಡದ್ದು ವ್ಯರ್ಥವೇ?" ಅಂದೆ.

"ಗೊತ್ತಿಲ್ಲ."

ಇವತ್ತೇ ಬಿಟ್ಟುಬಿಡ್ತೀನಿ ಅಂದೆ. ಒಮ್ಮೆಲೇ ಬಿಟ್ಟರೆ ಅದೂ ತೊಂದರೆ, ನೀವಾಗಿಯೇ ಏನೂ ಮಾಡಬೇಡಿ ಎಂದು ಗದರಿ, ಅಲ್ಲಿಂದಲೇ ಮನೋವೈದ್ಯರಿಗೆ ಫೋನ್ ಮಾಡಿದರು. ಇಬ್ಬರೂ ಮಾತಾಡಿಕೊಂಡರು. ಕೆಲವು ವಾರಗಳಲ್ಲಿ ಹಳೆಯದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಟ್ಯಾಮಾಕ್ಸಿಫೆನ್‌ಗೆ ಅಡ್ಡ ಬರದ ಇನ್ನೊಂದನ್ನು ಕೊಟ್ಟರು.

ಬಸ್ಸಿನಲ್ಲಿ ನಮ್ಮವರು ಅಂದದ್ದು ಇಷ್ಟೇ: "ನನಗರೆ ಹೇಳಬೇಕಿತ್ತಲ್ಲ." ಅವರ ದನಿ ಕೇಳಿ ಅತ್ತೆ. ಆ ಅಳು ಬೇರೆ.

ಗಂಗಕ್ಕ ಹೆಚ್ಚು ಮಾತಿಲ್ಲದೆ ವಿಜಾಪುರದ ಬಸ್ಸು ಹತ್ತಿದರು. ಮುಗೀತು, ಇನ್ನು ಊರೆಲ್ಲ ಡಂಗುರ ಅಂದುಕೊಂಡೆ. ಈಗ ಎರಡು ಚೆಕಪ್ ಆಗಿವೆ, ಗಂಟು ಮರಳಿಲ್ಲ. ಮುಂದಿನದು ಗೊತ್ತಿಲ್ಲ. ಗುಳಿಗೆಗಳು ತಮ್ಮ ತಮ್ಮ ಸ್ಟ್ರಿಪ್ಪಿನಲ್ಲೇ, ಹೆಸರು ಕಾಣುವಂತೆ ಕಪಾಟಿನಲ್ಲಿವೆ.

ಮೊನ್ನೆ ಗಂಗಕ್ಕನ ಫೋನ್ ಬಂತು. ಆ ಜೋರು ದನಿ ಎಲ್ಲಿ ಹೋಗಿತ್ತೋ.

"ಶಾರದಾ, ಆ ಮನಸಿನ ಗುಳಿಗಿ ಹೆಸರೇನು? ನಮ್ಮ ಯಜಮಾನ್ರು ತೀರಿಹೋದಾಗಿಂದ ನನಗೂ ಅಳು ನಿಂತಿಲ್ಲ."

ಒಂದೇ ಮನೆಯಲ್ಲಿ ಇದ್ದೆವು, ಇಬ್ಬರೂ ಕದ್ದು ಅತ್ತಿದ್ದೆವು.

"ಹೆಸರು ಹೇಳಂಗಿಲ್ರಿ ಅಕ್ಕಾ," ಅಂದೆ. "ಡಾಕ್ಟರ್ ಕಡೆ ಹೋಗ್ರಿ. ನಿಮ್ಮ ಬಿಪಿ ಗುಳಿಗಿನೂ ಚೀಲದಾಗ ಹಾಕ್ಕೊಂಡು ಹೋಗ್ರಿ."