ಬರುವವರೆಗೆ ಇಟ್ಟುಕೋ ಎಂದು ಕೊಟ್ಟ ತಾಳ

ನಮ್ಮೂರ ಹೆಂಗಸರ ಗುರುವಾರದ ಭಜನೆಯಲ್ಲಿ ತಾಳ ಹಿಡಿಯುವವಳು ಒಬ್ಬಳೇ. ಪದದ ಮೊದಲ ಸಾಲು ಅವಳೇ ಎತ್ತಬೇಕು, ಉಳಿದವರು ಹಿಂದಿನಿಂದ ಹಾಡಬೇಕು. ಯಾವ ಪದ, ದನಿ ಎಷ್ಟು ಏರು, ಎಲ್ಲಿ ನಿಲುಗಡೆ, ಎಲ್ಲ ಅವಳದ್ದೇ ಮಾತು. ಆ ತಾಳ ಅತ್ತೆಯ ಕೈಯಿಂದ ನನಗೆ ಬಂದಿತ್ತು. ಭಜನೆಗೆಂದು ಹೋಗುವ ಕೈವಾರದ ಬಸ್ಸು ಎಷ್ಟೇ ತುಂಬಿದ್ದರೂ ಅದನ್ನು ಯಾರಿಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ಹೋಗುತ್ತಿದ್ದೆ. ನನ್ನ ಗಂಟಲೂ ಸಾಮಾನ್ಯದ್ದಲ್ಲ. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ನಾನು ಟೊಮ್ಯಾಟೊಗೆ ಚೌಕಾಸಿ ಮಾಡಿದರೆ ಪಕ್ಕದ ಅಂಗಡಿಯವನೂ ರೇಟು ಇಳಿಸುತ್ತಿದ್ದ.

ಆ ಗಂಟಲಲ್ಲೇ ಗಂಟು ಬಂತು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಆಪರೇಷನ್ ಆಗಬೇಕೆಂದರು, ಆಮೇಲೆ ತಾವು ಹೇಳುವವರೆಗೆ ಪಿಸುಮಾತೂ ಕೂಡದೆಂದರು.

"ಭಜನೆ?" ಎಂದೆ.

"ಮೊದ್ಲು ಮಾತು ಬರ್ಲಮ್ಮ" ಎಂದರು.

ಆಸ್ಪತ್ರೆಗೆ ಹೊರಡುವ ಮುಂಚೆ ತಾಳವನ್ನು ಓರಗಿತ್ತಿಯ ಕೈಗಿಟ್ಟೆ. ಮೈದುನನ ಹೆಂಡತಿ ಅವಳು, ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಕೂತು ಹಾಡಿದವಳು. ತೆಲುಗು ಪದ, ಕನ್ನಡ ಪದ ಎಲ್ಲ ಬಾಯಿಪಾಠ, ಆದರೆ ಸ್ವರ ಸಣ್ಣದು.

"ಅಯ್ಯೋ ಅಕ್ಕಾ, ನನ್ ಕೈಲಾಗಲ್ಲ."

"ಸುಮ್ನೆ ಇಟ್ಕೊಳೇ. ನಾನ್ ಬರೋವರ್ಗೂ ತಾನೆ!"

ಹೀಗೆ ಬದಲಿಗೆ ತಾಳ ಹಿಡಿದವಳಿಗೆ ಒಂದು ಪದ್ಧತಿಯಿದೆ. ಕೊಟ್ಟವಳು ಎದುರಿಗೆ ಕೂತಿದ್ದರೆ, ಪದ ಎತ್ತುವ ಮುಂಚೆ ತಾಳವನ್ನು ಅವಳ ಮುಂದೆ ಹಿಡಿಯಬೇಕು. ಅವಳು ಬೇಡವೆಂದ ಮೇಲೆಯೇ ತಾನು ಹಾಡಬೇಕು.

ಆಪರೇಷನ್ ಆಯಿತು. ತುಟಿ ಪಿಟಿಕ್ಕೆನ್ನದೆ ಮನೆಯಲ್ಲಿ ಕೂರುವುದೆಂದರೆ ನನ್ನಂಥವಳಿಗೆ ನರಕ. ಹಾಲಿಗೆ ನೀರು ಬೆರೆಸಿ ತಂದವನನ್ನೂ ಕಣ್ಣಲ್ಲೇ ಬೈಯಬೇಕು! ಭಜನೆಗೆ ಹೋಗಿ ಸಾಲಿನ ಕೊನೆಗೆ ಕೂರುತ್ತಿದ್ದೆ. ಅವಳು ತಾಳ ಚಾಚುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಅವಳು ಪದವನ್ನು ತಗ್ಗಿಸಿ ಎತ್ತುತ್ತಿದ್ದಳು. ನನ್ನ ಏರಿಗೆ ಉಸಿರು ಸಾಲದೆ ಏದುಸಿರು ಬಿಡುತ್ತಿದ್ದ ಮುದುಕಿಯರೆಲ್ಲ ಈಗ ಕಣ್ಣು ಮುಚ್ಚಿಕೊಂಡು ಆರಾಮಾಗಿ ಹಾಡುತ್ತಿದ್ದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಕೊನೆಗೊಂದು ದಿನ ಡಾಕ್ಟರಮ್ಮ ಹಾಡಿ ನೋಡಿ ಎಂದರು. ಆ ಗುರುವಾರ ಓರಗಿತ್ತಿ ಚಾಚಿದ ತಾಳವನ್ನು ತೆಗೆದುಕೊಂಡೆ. ಅವಳ ಮುಖ ಅರಳಿತು. ಮೊದಲ ಮಾತು ಬಂತು, ಎರಡನೆಯದೂ ಬಂತು. ಏರಬೇಕಾದ ಕಡೆ ಬಾಯಿ ತೆರೆದೇ ಇತ್ತು, ಬರೀ ಗಾಳಿ ಬಂತು. ಹೆಂಗಸರು ಒಂದು ಕ್ಷಣವೂ ತಡೆಯದೆ ನಾನು ಬಿಟ್ಟಲ್ಲಿಂದ ಎತ್ತಿಕೊಂಡು ಸಾಲು ಮುಗಿಸಿದರು. ಹೊಸದಾಗಿ ಸೇರಿದ ಸೊಸೆಯಂದಿರು ತಡವರಿಸಿದರೆ ಹಾಗೆ ಎತ್ತಿಕೊಳ್ಳಿ ಎಂದು ಅವರಿಗೆ ಕಲಿಸಿದ್ದವಳು ನಾನೇ. ಆ ಪದ ಮುಗಿಯುತ್ತಲೇ ತಾಳವನ್ನು ಅವಳ ಮಡಿಲಿಗೆ ಹಾಕಿದೆ.

ಇನ್ನು ಇಷ್ಟೇ, ಇದಕ್ಕಿಂತ ಮೇಲೆ ಬರಲ್ಲ ಎಂದು ಆಮೇಲೆ ಡಾಕ್ಟರಮ್ಮ ಹೇಳಿದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬದುಕೇ ಬೇಡವೆನಿಸಿತ್ತು. ಆದರೆ ಗುರುವಾರ ತಪ್ಪುತ್ತಿರಲಿಲ್ಲ, ಆ ಪುಣ್ಯಾತ್ಗಿತ್ತಿ ತಾಳ ಚಾಚುವುದೂ ತಪ್ಪುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಪ್ರತಿ ವಾರವೂ ಅಷ್ಟು ಜನರ ಮುಂದೆ, ನನ್ನ ಕೈಲಾಗಲ್ಲ ಎಂದು ತಲೆಯಾಡಿಸಬೇಕಿತ್ತು.

ಒಂದು ಬುಧವಾರ ಅಡುಗೆಮನೆಯಲ್ಲಿ ಅವಳನ್ನು ಹಿಡಿದೆ. ಗೊಗ್ಗರು ದನಿಯಲ್ಲೇ, "ಎಲ್ರ ಮುಂದೆ ಯಾಕೆ ನನ್ ಮಾನ ಕಳೀತೀಯೇ? ಇನ್ಮೇಲೆ ಅದನ್ನ ನನ್ ಮುಂದೆ ಚಾಚ್ಬೇಡ" ಎಂದೆ.

"ಅದು ನಿಮ್ದು ಅಕ್ಕಾ. ನಿಮ್ಮನ್ನ ಕೇಳ್ದೆ ಹೆಂಗೆ ಪದ ಎತ್ಲಿ?"

"ನನ್ ಗಂಟ್ಲು ಇನ್ ಬರಲ್ಲ ಕಣೇ. ಚಾಚಿದ್ರೆ ನನ್ನಾಣೆ."

ಅವಳು ಸೊಪ್ಪು ಸೋಸುವುದನ್ನು ಬಿಟ್ಟು ಅತ್ತಳು. ನಾನು ಅಳಲಿಲ್ಲ, ಬೈದು ಎದ್ದುಹೋದೆ.

ಮಾರನೆಯ ದಿನ ಅವಳು ದೀಪಕ್ಕೆ ಕೈಮುಗಿದು, ನನ್ನ ಕಡೆ ನೋಡದೆ, ಮೊದಲ ಸಾಲು ಎತ್ತಿಯೇಬಿಟ್ಟಳು. ನನ್ನ ಎರಡೂ ಕೈ ಆಗಲೇ ಸೆರಗಿನಿಂದಾಚೆ ಬಂದು ಅವಳ ಕಡೆ ಚಾಚಿದ್ದವು. ಅಷ್ಟರಲ್ಲಿ ಎಲ್ಲರೂ ಪದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿದರು. ನಾನೂ ತಟ್ಟಿದೆ.