ಗುಲಾಬಿ ಹಕ್ಕಿ ಮತ್ತು ಕಾಕಾನ ಬಾಯಿ

ಮೊನ್ನೆ ಜತ್ತ ಊರಿನ ಝೆರಾಕ್ಸ್ ಅಂಗಡಿಯಲ್ಲಿ ರೇಷನ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುತ್ತ ನಿಂತಿದ್ದೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಬಂತು. ಸಣ್ಣ ನಗುವಲ್ಲ, ಅಂಗಡಿಯ ಹೆಣ್ಣುಮಗಳು "ಏನಾತ್ರಿ ಅಕ್ಕಾರ?" ಎಂದು ಗಾಬರಿಯಾಗಿ ಕುರ್ಚಿ ಕೊಡುವಂಥ ನಗು. ಪ್ಲಾಸ್ಟಿಕ್ ವಾಸನೆಗೆ ಯಾರಾದರೂ ನಗುತ್ತಾರೆಯೇ ಎಂದು ಕೇಳಬೇಡಿ. ನಮ್ಮ ದಸ್ತಗೀರ ಮಾಮಾನ ಫೋಟೊ ಸ್ಟುಡಿಯೋ ಕಂಡಿದ್ದರೆ ನೀವೂ ನಗುತ್ತಿದ್ದಿರಿ.

ಮಾಮಾ ಎಂದರೆ ಸ್ವಂತ ಮಾಮಾ ಅಲ್ಲ. ನಮ್ಮ ಕಾಕಾನ ಸೀರೆ ಅಂಗಡಿಯ ಪಕ್ಕಕ್ಕೇ ಅವನ ಸ್ಟುಡಿಯೋ. ಇಬ್ಬರೂ ಒಂದೇ ಕಪ್ ಚಹಾ ಅರ್ಧರ್ಧ ಮಾಡಿಕೊಂಡು ದಿನವೆಲ್ಲ ಜಗಳಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಸ್ಟುಡಿಯೋದ ಗೋಡೆಗೊಂದು ಬಣ್ಣದ ಪರದೆ ಇತ್ತು: ಹಿಮದ ಬೆಟ್ಟ, ಸರೋವರ, ದೋಣಿ. ನಮ್ಮ ಕಡೆಯ ಮದುಮಕ್ಕಳೆಲ್ಲ ಆ ಹಿಮದ ಮುಂದೆ ಬೆವರೊರೆಸಿಕೊಳ್ಳುತ್ತ ನಿಂತವರೇ. ಮುಂದೆ ಕಂಪ್ಯೂಟರ್ ಬಂತು, ಪರದೆ ಅಟ್ಟ ಸೇರಿತು, 'ಮಿಕ್ಸಿಂಗ್' ಶುರುವಾಯಿತು. ಒಂದು ಫೋಟೊದೊಳಗಿನ ಮನುಷ್ಯನನ್ನು ಕತ್ತರಿಸಿ ಇನ್ನೊಂದರಲ್ಲಿ ಕೂಡಿಸುವ ವಿದ್ಯೆಗೆ ನಮ್ಮಲ್ಲಿ ಅದೇ ಹೆಸರು. ಹುಲಿಯ ಬೆನ್ನ ಮೇಲೆ ಕೈಯಿಟ್ಟು ನಿಂತ ನನ್ನ ಫೋಟೊವೂ ಒಂದಿದೆ. ಅದರಲ್ಲಿ ಹುಲಿಯೇ ನನಗಿಂತ ಮರ್ಯಾದಸ್ಥನಂತೆ ಕಾಣುತ್ತದೆ.

ಅದೇ ಹೊತ್ತಿಗೆ ಕಾಕಾನಿಗೆ ಇಂಟರ್ನೆಟ್ಟಿನ ಹುಚ್ಚು ಹತ್ತಿತು. ಯಾರೋ ಮೇಲ್ ಮಾಡಿದ ಐದು ಹೆಡೆಯ ನಾಗರಹಾವಿನ ಚಿತ್ರವನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಕೊಡು ಎಂದು ಭಕ್ತಿಯಿಂದ ಮಾಮಾನ ಮುಂದಿಟ್ಟ. ಮಾಮಾ ಕನ್ನಡಕ ಏರಿಸಿದ.

"ಸಾವ್ಕಾರ್ರ, ಐದೂ ಹೆಡಿ ನೋಡ್ರಿ. ಐದರದೂ ನಾಲಗಿ ಒಂದ ಕಡಿ ಸೊಟ್ಟ. ಐದರ ಮ್ಯಾಲೂ ಅದ ಬಿಳಿ ಕಲಿ. ಒಂದ ಹೆಡಿ ಐದ ಸಲ ಅಂಟಿಸ್ಯಾರ. ನೀವು ಐದು ಮಂದಿ ಅಣ್ಣತಮ್ಮರದೀರಿ, ಒಂದ ದಿನಾರ ಎಲ್ಲಾರೂ ಒಂದ ಕಡಿ ನೋಡೀರೇನ್ರಿ?"

"ದೇವರಿಗೆ ಆಗಲಾರದ್ದು ಏನೈತೋ?"

"ದೇವರಿಗೂ ಆಗ್ತೈತ್ರಿ, ಕಂಪ್ಯೂಟರಿಗೂ ಆಗ್ತೈತ್ರಿ."

ಕಾಕಾ ಆ ವಾರವೆಲ್ಲ ಚಹಾ ಒಬ್ಬನೇ ಕುಡಿದ. ಚಿತ್ರ ಮಾತ್ರ ದೇವರ ಜಗುಲಿ ಸೇರಿತು.

ಆಮೇಲೆ ಒಂದು ದಿನ ಮಾಮಾ ಅಸಂಗಿಯ ಮದುವೆ ಮುಗಿಸಿ ಬರುವಾಗ ದಾರಿಯ ತಲಾವಿನಲ್ಲಿ, ಅಂದರೆ ಕೆರೆಯಲ್ಲಿ, ಉದ್ದ ಕಾಲಿನ ಗುಲಾಬಿ ಬಣ್ಣದ ಹಕ್ಕಿಗಳ ಹಿಂಡು ಕಂಡ. ಅವು ರಾಜಹಂಸ ಎಂದು ನಮಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದು, ದೊಡ್ಡದು ಮಾಡಿಸಿ, ಅಂಗಡಿಯ ಬಾಗಿಲಿಗೇ ತೂಗುಹಾಕಿದ. ಸಾಲದೆಂದು ಕೆಳಗೆ 'ಖರೆ ಫೋಟೊ' ಎಂದೂ ಬರೆದ. ಕೆಲಸ ಕೆಟ್ಟದ್ದೇ ಅಲ್ಲಿ. ಖರೆ ಎಂದು ಬರೆಯಬೇಕಾಗಿ ಬಂದದ್ದನ್ನು ಯಾರು ಖರೆ ಅಂದಾರು?

"ಭಾಳ ಚಲೋ ಮಿಕ್ಸಿಂಗ್ ಮಾಡೀರಿ ಮಾಮಾ!" ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಬೆಳುಂಕಿಯ ಮದುಮಗನೊಬ್ಬ, "ಹಕ್ಕಿ ನಡಕ ನಮ್ಮಿಬ್ಬರನೂ ನಿಂದ್ರಸ್ರಿ, ಆಕಿ ಸೀರಿಗೂ ಮ್ಯಾಚ್ ಆಗ್ತೈತಿ" ಎಂದು ಅಡ್ವಾನ್ಸ್ ಕೊಡಲು ಬಂದ. ಮಾಮಾ ಅವನನ್ನು ಬೈದು ಕಳಿಸಿದ.

ಇದಕ್ಕೇ ಕಾದಿದ್ದ ಕಾಕಾ ಫೋಟೊಕ್ಕೆ ಮೂಗು ತಾಗಿಸಿ ನಿಂತ. "ಎಲ್ಲಾ ಹಕ್ಕೀನೂ ಒಂದ ಕಾಲ ಮ್ಯಾಲ ನಿಂತಾವ. ಎಲ್ಲಾದರದೂ ಕುತಿಗಿ ಸೊಟ್ಟ. ಮತ್ತ ನೀರಾಗ ಅವ ಹಕ್ಕಿ ತಲಿಕೆಳಗ ಅಂಟಿಸೀದಿ! ನಾಗಪ್ಪಗ ಒಂದು ಕಾಯ್ದೆ, ನಿನ್ನ ಹಕ್ಕಿಗೆ ಇನ್ನೊಂದು ಕಾಯ್ದೇನೋ ದಸ್ತಗೀರ್ಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮಾಮಾ ನಗಲಿಲ್ಲ.

"ಇಷ್ಟು ವರ್ಷ ಸುಳ್ಳು ಅಂಟಿಸಿ ರೊಟ್ಟಿ ತಿಂದೀನ್ರಿ, ಇಲ್ಲ ಅನ್ನಂಗಿಲ್ಲ. ಇದೊಂದು ಖರೇ ತಗದೀನಿ. ಇದನ್ನೂ ಸುಳ್ಳಂದ್ರ ನನ್ನ ಕಡೆ ಏನ ಉಳೀತ್ರಿ?"

ನಕ್ಕದ್ದು ತಪ್ಪಾಯಿತೆನಿಸಿತು ನನಗೆ. ಕಾಕಾನಿಗೂ ಅನಿಸಿರಬೇಕು, ಆದರೆ ಸೋಲುವ ಜಾತಿಯಲ್ಲ ಅವನು. "ನಡಿ, ತೋರ್ಸು" ಎಂದು ಟಮ್‌ಟಮ್ ರಿಕ್ಷಾ ಕರೆಸಿದ. ಕಾಕಾ, ಮಾಮಾ, ನಾನು, ಮಡಿಲಲ್ಲಿ ರೊಟ್ಟಿಯ ಗಂಟಿಟ್ಟುಕೊಂಡ ಕಾಕಿ, ಎಲ್ಲರೂ ಗುಂಡಿ ಗುಂಡಿಗೆ ಹಾರಿ ಬೀಳುತ್ತ ಹೊರಟೆವು. ದಾರಿಯುದ್ದಕ್ಕೂ ಮಾಮಾ ಕ್ಯಾಮೆರಾವನ್ನು ಎದೆಗವಚಿಕೊಂಡಿದ್ದ.

ತಲಾವಿನಲ್ಲಿ ಎಮ್ಮೆಗಳಿದ್ದವು, ಬೆಳ್ಳಕ್ಕಿಗಳಿದ್ದವು. ಗುಲಾಬಿ ಬಣ್ಣದ್ದು ಕಾಕಿಯ ಕುಬಸವೊಂದೇ.

"ಎಲ್ಲಿ ಅದಾವಪಾ?" ಎಂದ ಕಾಕಾ. ಗೆದ್ದವನ ದನಿಯಲ್ಲ ಅದು. ಆ ಗಳಿಗೆಯಲ್ಲಿ ಅವನಿಗೂ ಗೆಲ್ಲುವುದು ಬೇಕಿರಲಿಲ್ಲ. ಮಾಮಾ ಕ್ಯಾಮೆರಾ ಹಿಡಿದು ನೀರನ್ನೇ ನೋಡುತ್ತ ನಿಂತಿದ್ದ.

ಊಟವಾದರೂ ಮಾಡೋಣವೆಂದು ಕಾಕಿ ನೆರಳು ಹುಡುಕಿಕೊಂಡು ಜಾಲಿಗಿಡಗಳ ಆಚೆ ಹೋದಳು. ಹೋದವಳು ಕಿರುಚಿದಳು. "ಅಯ್ಯ ನನ ಯಪ್ಪಾ! ಲಗೂನ ಬರ್ರೀ!"

ಓಡಿದೆವು. ಕಾಕಿಯ ಕೂಗಿಗೆ ಬೆದರಿ ತಲಾವಿನ ಆ ಮೂಲೆಯ ನೀರೇ ಎದ್ದಂತೆ ಹಕ್ಕಿಗಳೆದ್ದವು. ಗುಲಾಬಿ ರೆಕ್ಕೆ, ಕರಿ ಅಂಚು, ನಮ್ಮ ತಲೆಯ ಮೇಲೇ ಹಾದುಹೋದವು. ಮಿಕ್ಸಿಂಗಿನಲ್ಲೂ ಯಾರಾದರೂ ಅಷ್ಟು ಬಣ್ಣ ಹಾಕಲು ಹೆದರುತ್ತಿದ್ದರು! ನನಗೆ ಕುಣಿಯಬೇಕೆನಿಸಿತು, ಕುಣಿದೂಬಿಟ್ಟೆ.

ಕ್ಲಿಕ್ ಎಂದಿತು. ಮಾಮಾ ಕ್ಯಾಮೆರಾ ನಮ್ಮ ಕಡೆ ಹಿಡಿದಿದ್ದ.

"ಹಕ್ಕಿ ಮ್ಯಾಲ ಅದಾವೋ ಹುಚ್ಚಾ!" ಎಂದು ಕಾಕಾ ಒದರಿದ.

"ಹಕ್ಕಿ ಯಾರ ಬೇಕಾದ್ರೂ ಅಂಟಸ್ತಾರ್ರಿ ಸಾವ್ಕಾರ್ರ. ಈ ನಿಮ್ಮ ಬಾಯಿ ಯಾವ ಕಂಪ್ಯೂಟರಿಗೆ ಮಾಡಾಕಾಗ್ತೈತಿ?"

ಮರುದಿನ ಬಾಗಿಲಿಗೆ ಆ ಫೋಟೊ ಬಂತು. ಆಕಾಶಕ್ಕೆ ಬಾಯ್ತೆರೆದ ಕಾಕಾ, ರೊಟ್ಟಿ ಚೆಲ್ಲಿ ನಿಂತ ಕಾಕಿ, ಅರ್ಧ ಕುಣಿತದಲ್ಲಿ ನಾನು. ಒಂದು ಹಕ್ಕಿಯೂ ಇಲ್ಲ. ಬಂದವರಿಗೆಲ್ಲ ಕಾಕಾನೇ ಎದ್ದು ನಿಂತು ಹಕ್ಕಿ ಖರೆ ಎಂದು ಸಾಕ್ಷಿ ಹೇಳುತ್ತಿದ್ದ. ಹೇಳುವಾಗ ಪ್ರತಿ ಸಲವೂ ಅವನ ಬಾಯಿ ಹಾಗೇ ತೆರೆದುಕೊಳ್ಳುತ್ತಿತ್ತು.

ಆ ಫೋಟೊ ಈಗ ನನ್ನ ಮೊಬೈಲಿನಲ್ಲಿದೆ. ಝೆರಾಕ್ಸ್ ಅಂಗಡಿಯ ಹೆಣ್ಣುಮಗಳಿಗೆ ಕಥೆ ಹೇಳಿ ತೋರಿಸಿದೆ. ಆಕೆ ಬೆರಳಿನಿಂದ ಹಿಗ್ಗಿಸಿ ಕಾಕಾನ ಮುಖವನ್ನು ಬಹಳ ಹೊತ್ತು ನೋಡಿದಳು. ಹಕ್ಕಿಯ ಫೋಟೊ ತೋರಿಸಿ ಎನ್ನಲಿಲ್ಲ.

"ಅಕ್ಕಾರ, ಆ ಹಕ್ಕಿ ಈಗೂ ಬರ್ತಾವೇನ್ರಿ?"

ಇಷ್ಟು ವರ್ಷ ಊರಿಗೆಲ್ಲ ಕಥೆ ಹೇಳಿದ್ದೇ ಹೇಳಿದ್ದು, ಮತ್ತೊಮ್ಮೆ ಆ ತಲಾವಿನ ಕಡೆ ತಲೆಹಾಕಿರಲಿಲ್ಲ.

"ಗೊತ್ತಿಲ್ಲ ಯವ್ವಾ, ನೋಡೇ ಬರಬೇಕು," ಎಂದೆ. "ಇವತ್ತ ಅಂಗಡಿ ಲಗೂನ ಮುಚ್ತಿಯೇನು?"